ಬರ್ಲಿನ್‌ನಲ್ಲಿ ಸ್ಕೇಲ್ ಇಟ್ಟು ಆಫ್ರಿಕಾ ಹಂಚಿಕೊಂಡರು ಅನ್ನೋದು ನಿಜಾನಾ?

ಅಟ್ಲಾಸ್ ಅಪ್ಪ

ಮಗಳು ಏಳನೇ ಕ್ಲಾಸು. ಮೊನ್ನೆ ಭಾನುವಾರ ಅಟ್ಲಾಸ್ ಹರಡಿಕೊಂಡು ಕೂತಿದ್ದವಳು ನಮೀಬಿಯಾ ಮೇಲೆ ಬೆರಳಿಟ್ಟು, ಅಪ್ಪಾ ಈ ದೇಶಕ್ಕೆ ಯಾಕೆ ಹಿಡಿಕೆ ಇದೆ ಅಂತ ಕೇಳಿದಳು. ನೋಡಿದರೆ ನಿಜ. ಈಶಾನ್ಯ ಮೂಲೆಯಿಂದ ತೆಳ್ಳಗಿನ ಒಂದು ಪಟ್ಟಿ ಸೌಟಿನ ಹಿಡಿಕೆ ಹಾಗೆ ಉದ್ದಕ್ಕೆ ಚಾಚಿಕೊಂಡಿದೆ. ಅದೇ ವಾರ ನಮ್ಮ ಹಳೇ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂದಿತ್ತು. 1884ರಲ್ಲಿ ಬರ್ಲಿನ್‌ನಲ್ಲಿ 14 ದೇಶದವರು ಮೇಜಿನ ಸುತ್ತ ಕೂತು, ಸ್ಕೇಲು ಪೆನ್ಸಿಲ್ ಹಿಡಿದು ಇಡೀ ಆಫ್ರಿಕಾವನ್ನು ಕೇಕಿನ ಹಾಗೆ ಕತ್ತರಿಸಿಕೊಂಡರು, ಅದಕ್ಕೇ ಅಲ್ಲಿನ ಗಡಿಗಳು ನೆಟ್ಟಗಿವೆ ಅಂತ. ನಾನೂ ಅದನ್ನೇ ಅವಳಿಗೆ ಒಪ್ಪಿಸಿದೆ.

ಆಮೇಲೆ ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಲ್ಲಿ ಇದ್ದವರು ಏನ್ ಮಾಡ್ತಿದ್ರು? ಸುಮ್ನೆ ಬಿಟ್ಟುಬಿಟ್ರಾ?"

ಈಗ ನನ್ನ ತಲೆಗೂ ಹುಳ ಬಿಟ್ಟ ಹಾಗಾಗಿದೆ. ಪೋರ್ಚುಗೀಸರು ಹದಿನೈದನೇ ಶತಮಾನದಿಂದಲೇ ಆ ಕರಾವಳಿಯಲ್ಲಿ ಓಡಾಡಿಕೊಂಡಿದ್ದರು. ನಾನೂರು ವರ್ಷ ಹೆಚ್ಚುಕಮ್ಮಿ ದಡದಲ್ಲೇ ಇದ್ದ ಯುರೋಪಿನವರು ಕೊನೇ ಮೂವತ್ತು ವರ್ಷದಲ್ಲಿ ಖಂಡವನ್ನೇ ನುಂಗಿದ್ದು ಹೇಗೆ? ಬಂದೂಕು ಅಂತ ಮಾತ್ರ ಹೇಳಬೇಡಿ. ಬಂದೂಕು ಮೊದಲೂ ಇತ್ತಲ್ವಾ?

ಹಳೇ ಮೇಷ್ಟ್ರು

ಫಾರ್ವರ್ಡ್ ಅರ್ಧ ನಿಜ. ಸಭೆ ನಡೆದದ್ದು ಹೌದು, 1884ರ ನವೆಂಬರ್ 15ರಿಂದ 1885ರ ಫೆಬ್ರವರಿ 26ರವರೆಗೆ, ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್ ಮನೆಯಲ್ಲಿ. 14 ದೇಶ ಅನ್ನುವುದೂ ಸರಿ, ಅದರಲ್ಲಿ ಅಮೆರಿಕವೂ ತುರ್ಕಿಯ ಆಟೊಮನ್ ಸಾಮ್ರಾಜ್ಯವೂ ಸೇರಿದ್ದವು. ಗೋಡೆಗೆ ಆಫ್ರಿಕಾದ ದೊಡ್ಡ ನಕ್ಷೆ ತೂಗುಹಾಕಿದ್ದರು. ಆಫ್ರಿಕಾದವರು ಒಬ್ಬರೂ ಇರಲಿಲ್ಲ. ಆದರೆ ಗಡಿ ಎಳೆದದ್ದು ಆ ಕೋಣೆಯಲ್ಲಲ್ಲ.

ಮೂರೂವರೆ ತಿಂಗಳು ಮಾತಾಡಿ 38 ಕಲಮುಗಳ ಒಂದು ಒಪ್ಪಂದ ಬರೆದರು. ಕಾಂಗೊ ಕಣಿವೆಯಲ್ಲಿ ಎಲ್ಲರಿಗೂ ವ್ಯಾಪಾರಕ್ಕೆ ಬಿಡಬೇಕು, ಕಾಂಗೊ ಮತ್ತು ನೈಜರ್ ನದಿಯಲ್ಲಿ ಎಲ್ಲರ ಹಡಗೂ ಓಡಾಡಬಹುದು, ಗುಲಾಮರ ವ್ಯಾಪಾರ ನಿಲ್ಲಿಸಬೇಕು, ಹೀಗೆ. ಕೊನೆಯಲ್ಲಿ ಒಂದು ನಿಯಮ: ಇನ್ನು ಮುಂದೆ ಯಾರಾದರೂ ಹೊಸದಾಗಿ ಕರಾವಳಿ ಹಿಡಿದರೆ ಉಳಿದವರಿಗೆ ತಿಳಿಸಬೇಕು, ಅಲ್ಲಿ ನಿಜವಾಗಿ ಅಧಿಕಾರ ನಡೆಸುತ್ತಿರಬೇಕು. ಗಮನಿಸಿ, ಕರಾವಳಿಗೆ ಮಾತ್ರ. ಒಳನಾಡಿನ ಬಗ್ಗೆ ಚಕಾರ ಇಲ್ಲ. ಆದರೆ ಎಲ್ಲರಿಗೂ ಅರ್ಥವಾಗಿದ್ದು ಒಂದೇ: ಬೇಗ ಓಡಿ, ಮೊದಲು ಹೋದವನಿಗೆ ಸಿಗುತ್ತದೆ.

ಗೆರೆಗಳು ಬಂದದ್ದು ಆಮೇಲೆ, ಇಬ್ಬಿಬ್ಬರೇ ಕೂತು ಮಾಡಿಕೊಂಡ ಒಪ್ಪಂದಗಳಲ್ಲಿ. 1886ರಲ್ಲಿ ಬ್ರಿಟನ್ ಮತ್ತು ಜರ್ಮನಿ, 1890ರಲ್ಲಿ ಅವೇ ಮತ್ತೆ, ಅದೇ ವರ್ಷ ಬ್ರಿಟನ್ ಮತ್ತು ಫ್ರಾನ್ಸ್, 1891ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್. ಹೇಗೆ ಎಳೆಯುತ್ತಿದ್ದರು ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ನೈಜೀರಿಯಾ ಮತ್ತು ಕ್ಯಾಮರೂನ್ ಗಡಿ. ರಿಯೊ ಡೆಲ್ ರೇ ಅನ್ನುವ ನದಿಯ ಮೂಲದಿಂದ ಗಡಿ ಹೊರಡಬೇಕು ಅಂತ ಬ್ರಿಟಿಷರೂ ಜರ್ಮನರೂ ಒಪ್ಪಿಕೊಂಡರು. ಹೋಗಿ ನೋಡಿದರೆ ಅಂಥ ನದಿಯೇ ಇಲ್ಲ! ಅದು ಸಮುದ್ರದ ನೀರು ಒಳಗೆ ನುಗ್ಗಿದ ಒಂದು ಅಳಿವೆ, ಅಷ್ಟೇ. ಕ್ಲಾಡ್ ಮ್ಯಾಕ್‌ಡೊನಾಲ್ಡ್ ಅನ್ನುವ ಬ್ರಿಟಿಷ್ ಅಧಿಕಾರಿ ವರ್ಷಗಳಾದ ಮೇಲೆ ಒಂದು ಸಭೆಯಲ್ಲಿ ನಗುನಗುತ್ತಾ ಹೇಳಿಕೊಂಡ: ಹಳೇ ಕಲಬಾರ್ ಊರಿನ ಮೇಲೆ ಸ್ಕೇಲ್ ಇಟ್ಟು ಯೋಲಾವರೆಗೆ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದೆವು, ಆಮೇಲೆ ಯೋಲಾಕ್ಕೆ ಹೋಗಿ ಅಲ್ಲಿನ ಅಮೀರನ ಎದುರು ಕೂತಾಗ, ಇವನ ರಾಜ್ಯದ ಮಧ್ಯೆ ನಾನು ಗೆರೆ ಎಳೆದದ್ದು ಇವನಿಗೆ ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು ಅಂದುಕೊಂಡೆ ಅಂತ.

ಅಂದರೆ ಸ್ಕೇಲು ಪೆನ್ಸಿಲ್ ಕಥೆ ಸುಳ್ಳಲ್ಲ. ಊರು ತಪ್ಪು, ಇಸವಿ ತಪ್ಪು.

ನಿಮ್ಮ ಮಗಳ ಹಿಡಿಕೆ 1890ರದ್ದು. ಅದರ ಹೆಸರು ಕ್ಯಾಪ್ರಿವಿ ಪಟ್ಟಿ, ಆಗಿನ ಜರ್ಮನ್ ಚಾನ್ಸೆಲರ್ ಹೆಸರು. ಬ್ರಿಟನ್ ಮತ್ತು ಜರ್ಮನಿ ದೊಡ್ಡ ಅದಲುಬದಲು ಮಾಡಿಕೊಂಡವು. ಜರ್ಮನಿಗೆ ಉತ್ತರ ಸಮುದ್ರದ ಹೆಲಿಗೊಲ್ಯಾಂಡ್ ದ್ವೀಪ, ಬ್ರಿಟನ್ನಿಗೆ ಜಾಂಜಿಬಾರ್ ಮೇಲೆ ಹಿಡಿತ. ಜೊತೆಗೆ ಜರ್ಮನಿಗೆ ತನ್ನ ನಮೀಬಿಯಾದಿಂದ ಜಾಂಬೆಜಿ ನದಿ ಮುಟ್ಟಲು ಒಂದು ದಾರಿ ಬೇಕಿತ್ತು, ಎಲ್ಲೂ 20 ಮೈಲಿಗಿಂತ ಕಮ್ಮಿ ಅಗಲ ಇರಬಾರದು ಅಂತ ಒಪ್ಪಂದದಲ್ಲೇ ಬರೆಸಿಕೊಂಡರು. ನದಿ ಹಿಡಿದು ಪೂರ್ವಕ್ಕೆ ಇಳಿದರೆ ಹಿಂದೂ ಮಹಾಸಾಗರ ಸಿಗುತ್ತದೆ ಅನ್ನುವ ಲೆಕ್ಕ. ಪಟ್ಟಿ ಮುಗಿದು ಸ್ವಲ್ಪ ಕೆಳಗೆ ಹೋದರೆ ಏನಿದೆ ಅಂತ ಮಗಳಿಗೆ ನಕ್ಷೆಯಲ್ಲಿ ಹುಡುಕಲು ಹೇಳಿ.

ಕೆಂಪುಮೆಣಸು

ಮೇಷ್ಟ್ರೇ, ಇದು ಕೂದಲು ಸೀಳುವ ಕೆಲಸ. ಕಳ್ಳರು ಒಂದೇ ರಾತ್ರಿ ಹಂಚಿಕೊಂಡರೇನು, ಹತ್ತು ವರ್ಷ ಕೂತು ಹಂಚಿಕೊಂಡರೇನು, ಮನೆ ಕಳಕೊಂಡವನಿಗೆ ಎಲ್ಲಾ ಒಂದೇ. ನೀವು ಹೀಗೆ ಬಿಡಿಸಿ ಬಿಡಿಸಿ ಹೇಳಿದರೆ ಬರ್ಲಿನ್ನಿನವರು ಪಾಪ ನದಿ ಸಾರಿಗೆ ಬಗ್ಗೆ ಚರ್ಚೆ ಮಾಡಿ ಎದ್ದುಹೋದರು ಅಂತ ಕಾಣುತ್ತದೆ.

ಅದೇ ಮೂರೂವರೆ ತಿಂಗಳಲ್ಲಿ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ತನ್ನ ಖಾಸಗಿ ಸಂಘಕ್ಕೆ ಒಂದೊಂದೇ ದೇಶದಿಂದ ಮಾನ್ಯತೆ ಗಿಟ್ಟಿಸಿಕೊಂಡ. ನೆನಪಿಡಿ, ಬೆಲ್ಜಿಯಂ ದೇಶಕ್ಕೆ ಅಲ್ಲ, ಅವನಿಗೆ. ಬೆಲ್ಜಿಯಂಗಿಂತ ಎಪ್ಪತ್ತು ಪಟ್ಟಿಗೂ ಜಾಸ್ತಿ ದೊಡ್ಡ ನೆಲ ಒಬ್ಬ ಮನುಷ್ಯನ ಸ್ವಂತ ಆಸ್ತಿಯಾಯಿತು. ಅವನು ಸಾಯುವವರೆಗೂ ಅಲ್ಲಿಗೆ ಕಾಲಿಡಲಿಲ್ಲ. ಗುಲಾಮರ ವ್ಯಾಪಾರ ನಿಲ್ಲಿಸುತ್ತೇನೆ, ನಾಗರಿಕತೆ ತರುತ್ತೇನೆ ಅಂದಿದ್ದ.

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಸೈಕಲ್ಲು ಹೆಚ್ಚಿತು, ರಬ್ಬರಿಗೆ ಚಿನ್ನದ ಬೆಲೆ ಬಂತು. ಕಾಂಗೊದ ಕಾಡಿನಲ್ಲಿ ರಬ್ಬರು ಕಾಡುಬಳ್ಳಿಯಿಂದ ಬರುತ್ತಿತ್ತು, ನಮ್ಮಲ್ಲಿನ ಹಾಗೆ ತೋಟದ ಮರದಿಂದಲ್ಲ. ಹತ್ತಿರದ ಬಳ್ಳಿ ಬತ್ತಿದರೆ ಇನ್ನೂ ದೂರ ಹೋಗಬೇಕು. ಗಂಡಸರು ಕಾಡಿನಿಂದ ರಬ್ಬರು ತರುವವರೆಗೆ ಹೆಂಗಸರನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದರು. ಸೈನಿಕರಿಗೆ ಕೊಟ್ಟ ಒಂದೊಂದು ಗುಂಡಿಗೂ ಲೆಕ್ಕ ಬೇಕು, ಬೇಟೆಗೆ ಹಾರಿಸಿಲ್ಲ ಅಂತ ತೋರಿಸಲು ಸತ್ತವರ ಬಲಗೈ ಕತ್ತರಿಸಿ ತರಬೇಕು. ಗುಂಡು ಖರ್ಚಾಗಿ ಹೆಣ ಇಲ್ಲದಿದ್ದರೆ ಬದುಕಿದ್ದವರ ಕೈ. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಅನ್ನುವ ಮಿಷನರಿ ಹೆಂಗಸು ತೆಗೆದ ಒಂದು ಫೋಟೊ ಇದೆ. ನ್ಸಾಲಾ ಅನ್ನುವ ಅಪ್ಪ ಜಗಲಿಯ ಮೇಲೆ ಕೂತು ತನ್ನ ಪುಟ್ಟ ಮಗಳ ಕೈ ಮತ್ತು ಪಾದವನ್ನು ನೋಡುತ್ತಿದ್ದಾನೆ. ಉಳಿದದ್ದು ಅಷ್ಟೇ. ಏಳನೇ ಕ್ಲಾಸಿನ ಹುಡುಗಿಗೆ ದಯವಿಟ್ಟು ತೋರಿಸಬೇಡಿ.

ಇದು ಹೊರಗೆ ಬಂದದ್ದು ಹೇಗೆ ಗೊತ್ತಾ? ಇ.ಡಿ. ಮೊರೆಲ್ ಅನ್ನುವ ಒಬ್ಬ ಹಡಗು ಕಂಪನಿ ಗುಮಾಸ್ತನ ಲೆಕ್ಕದಿಂದ. ಆಂಟ್‌ವರ್ಪ್ ಬಂದರಿನಲ್ಲಿ ನೋಡುತ್ತಾನೆ, ಬರುವ ಹಡಗು ತುಂಬ ರಬ್ಬರು, ದಂತ. ಹೋಗುವ ಹಡಗಿನಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡು, ಸೈನಿಕರು. ಮಾರಾಟದ ಸರಕು ಹೋಗುತ್ತಿಲ್ಲ ಅಂದರೆ ರಬ್ಬರಿಗೆ ಯಾರೂ ಬೆಲೆ ಕೊಡುತ್ತಿಲ್ಲ ಅಂತ. ವ್ಯಾಪಾರ ಅಲ್ಲ ಇದು, ಸುಲಿಗೆ.

ಹಳೇ ಮೇಷ್ಟ್ರು

ಕಾಂಗೊ ವಿಷಯದಲ್ಲಿ ನೀವು ಹೇಳಿದ್ದು ಸರಿ, ನಾನು ಬಿಟ್ಟದ್ದು ತಪ್ಪು. ಆದರೆ ಕೂದಲು ಸೀಳುವುದಲ್ಲ ಇದು. ಎಲ್ಲವೂ ಒಂದೇ ಕೋಣೆಯಲ್ಲಿ ಮುಗಿದುಹೋಯಿತು ಅಂದರೆ ಆ ಹುಡುಗಿ ಕೇಳಿದ ಪ್ರಶ್ನೆಗೆ ಜಾಗವೇ ಇರುವುದಿಲ್ಲ. 1885ರ ಫೆಬ್ರವರಿಯಲ್ಲಿ ಬರ್ಲಿನ್ನಿನವರು ಕೋಟು ಹಾಕಿಕೊಂಡು ಮನೆಗೆ ಹೋದಾಗ ಆಫ್ರಿಕಾದ ಬಹುಪಾಲು ಆಫ್ರಿಕನ್ನರ ಕೈಯಲ್ಲೇ ಇತ್ತು. ಅದನ್ನು ಊರು ಊರಿಗೆ ಹೋಗಿ ಕಿತ್ತುಕೊಳ್ಳಬೇಕಾಯಿತು. ಅಲ್ಲೆಲ್ಲ ಒಬ್ಬ ರಾಜನೋ ಮುಖಂಡನೋ ಎದುರಿಗೆ ಇದ್ದ. ಅವರು ಏನು ಮಾಡಿದರು ಅನ್ನುವುದೇ ಕಥೆ.

ಮೊದಲು ಬಂದದ್ದು ಬಂದೂಕಲ್ಲ, ಕಾಗದ. ಲಿಯೊಪೋಲ್ಡ್ ಪರವಾಗಿ ಸ್ಟ್ಯಾನ್ಲಿ ಅನ್ನುವ ಅನ್ವೇಷಕ ಮತ್ತು ಅವನ ಜನ ಕಾಂಗೊ ಉದ್ದಕ್ಕೂ ಮುಖಂಡರಿಂದ ನೂರಾರು ಕಾಗದಕ್ಕೆ ಗುರುತು ಹಾಕಿಸಿಕೊಂಡರು. 1884ರ ಒಂದರಲ್ಲಿ ಎನ್‌ಗೊಂಬಿ ಮತ್ತು ಮಫೇಲಾ ಮುಖಂಡರು ತಿಂಗಳಿಗೆ ತಲಾ ಒಂದು ತುಂಡು ಬಟ್ಟೆಗೆ ತಮ್ಮ ನೆಲದ ಆಳ್ವಿಕೆಯನ್ನು ವಂಶಪಾರಂಪರ್ಯವಾಗಿ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ ಅಂತ ಬರೆದಿದೆ. ಜೊತೆಗೆ ಕೇಳಿದಾಗ ಕೂಲಿಯಾಳು ಕೊಡಬೇಕಂತೆ. ಆ ಭಾಷೆ ಅವರಿಗೆ ಓದಲು ಬರುತ್ತಿರಲಿಲ್ಲ. ದಾರಿಹೋಕನ ಜೊತೆ ಸ್ನೇಹ ಮಾಡಿಕೊಂಡೆವು ಅಂದುಕೊಂಡಿರಬೇಕು.

ಎಲ್ಲರೂ ಅಷ್ಟು ಸುಲಭಕ್ಕೆ ಸಿಕ್ಕಲಿಲ್ಲ. ಈಗಿನ ಜಿಂಬಾಬ್ವೆಯಲ್ಲಿ ಎನ್‌ಡೆಬೆಲೆ ಜನರ ರಾಜ ಲೊಬೆಂಗುಲಾ ಇದ್ದನಲ್ಲ, ಅವನು ಗಟ್ಟಿ ಕುಳ. 1888ರಲ್ಲಿ ದಕ್ಷಿಣ ಆಫ್ರಿಕಾದ ಬ್ರಿಟಿಷ್ ಗಣಿ ಧಣಿ ಸೆಸಿಲ್ ರೋಡ್ಸ್ ಕಳಿಸಿದ ರಡ್ ಅನ್ನುವವನು ಅವನ ಅಂಗಳದಲ್ಲಿ ವಾರಗಟ್ಟಲೆ ಕಾದು ಕೂತಿದ್ದ. ಗಣಿಗಾರಿಕೆಯ ಹಕ್ಕಿಗೆ ಬದಲು ತಿಂಗಳಿಗೆ 100 ಪೌಂಡ್, 1000 ರೈಫಲ್, ಒಂದು ಲಕ್ಷ ಗುಂಡು, ಜಾಂಬೆಜಿ ಮೇಲೆ ಓಡಲು ಒಂದು ಸ್ಟೀಮರ್. ಲೊಬೆಂಗುಲಾ ಕೇಳಿ ಕೇಳಿ ಖಾತ್ರಿ ಮಾಡಿಕೊಂಡ. ಹತ್ತು ಜನಕ್ಕಿಂತ ಜಾಸ್ತಿ ಬಿಳಿಯರು ಅಗೆಯಲು ಬರುವುದಿಲ್ಲ, ಬಂದವರು ಇಲ್ಲಿನ ಕಾನೂನಿಗೆ ತಲೆಬಾಗುತ್ತಾರೆ ಅಂತ ಬಾಯಲ್ಲಿ ಮಾತು ಕೊಟ್ಟರು. ಕಾಗದದಲ್ಲಿ ಅದು ಇರಲೇ ಇಲ್ಲ. ಅನುವಾದ ಮಾಡಿದ್ದು ಒಬ್ಬ ಮಿಷನರಿ. ಮೋಸ ಗೊತ್ತಾದ ಮೇಲೆ ಲೊಬೆಂಗುಲಾ ವಿಕ್ಟೋರಿಯಾ ರಾಣಿಯ ಹತ್ತಿರ ಇಬ್ಬರು ದೂತರನ್ನು ಕಳಿಸಿದ, ಆಮೇಲೆ ಒಪ್ಪಂದ ನನಗೆ ಒಪ್ಪಿಗೆ ಇಲ್ಲ ಅಂತ ಪತ್ರವನ್ನೂ ಬರೆಸಿದ. ಆದರೂ 1889ರಲ್ಲಿ ರೋಡ್ಸ್ ಕಂಪನಿಗೆ ರಾಣಿಯ ಸನ್ನದು ಸಿಕ್ಕೇಬಿಟ್ಟಿತು. 1893ರಲ್ಲಿ ಒಂದೇ ಸಮನೆ ಗುಂಡು ಸುರಿಸುವ ಮ್ಯಾಕ್ಸಿಮ್ ಗನ್ ಹಿಡಿದು ಬಂದರು.

ಲೊಬೆಂಗುಲಾನೇ ಹೇಳಿದ್ದು ದಾಖಲಾಗಿದೆ: ಗೋಸುಂಬೆ ನೊಣದ ಹಿಂದೆ ಒಂದು ಕಾಲು ಮುಂದಿಡುತ್ತದೆ, ನಿಲ್ಲುತ್ತದೆ, ಇನ್ನೊಂದು ಕಾಲು ಇಡುತ್ತದೆ, ಆಮೇಲೆ ನಾಲಿಗೆ ಚಾಚುತ್ತದೆ. ಇಂಗ್ಲೆಂಡ್ ಗೋಸುಂಬೆ, ನಾನು ನೊಣ ಅಂತ. ಹೀಗೆ ಮಾತಾಡುವವನಿಗೆ ಏನೂ ಗೊತ್ತಿರಲಿಲ್ಲ ಅನ್ನಲು ಆಗುತ್ತಾ?

ಕರಾವಳಿ ಕಾಗೆ

ನಾನೂರು ವರ್ಷ ಯಾಕೆ ದಡದಲ್ಲೇ ಇದ್ದರು ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಸೊಳ್ಳೆ. ದಡದ ರಾಜ್ಯಗಳು ಬಲವಾಗಿದ್ದವು, ಚಿನ್ನವನ್ನೂ ಗುಲಾಮರನ್ನೂ ತಾವೇ ದಡಕ್ಕೆ ತಂದು ಮಾರುತ್ತಿದ್ದವು, ಒಳಗೆ ಹೋಗುವ ಅಗತ್ಯವೂ ಕಮ್ಮಿ ಇತ್ತು. ಹೋದರೆ ಜ್ವರಕ್ಕೆ ಸಾಯುತ್ತಿದ್ದರು.

ಮಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಬಾಸೆಲ್ ಮಿಷನ್ ಗೊತ್ತಲ್ಲ, ಹಂಚು, ನೇಯ್ಗೆ, ಅಚ್ಚುಕೂಟದವರು. ಅವರು 1834ರಲ್ಲಿ ಮಂಗಳೂರಿಗೆ ಮೂವರನ್ನು ಕಳಿಸಿದರು. ಅದಕ್ಕೆ ಆರು ವರ್ಷ ಮೊದಲು, 1828ರಲ್ಲಿ, ಈಗಿನ ಘಾನಾದ ಕರಾವಳಿಗೆ ನಾಲ್ವರನ್ನು ಕಳಿಸಿದ್ದರು. ಒಂದು ವರ್ಷದೊಳಗೆ ಆ ನಾಲ್ವರಲ್ಲಿ ಮೂವರು ಸತ್ತರು, ಇನ್ನೊಬ್ಬ 1831ರಲ್ಲಿ. 1832ರಲ್ಲಿ ಮತ್ತೆ ಮೂವರು ಹೋದರು, ಆಂಡ್ರಿಯಾಸ್ ರೀಸ್ ಒಬ್ಬ ಬದುಕಿದ, ಅದೂ ಅಲ್ಲಿನ ನಾಟಿ ವೈದ್ಯನ ಮದ್ದಿನಿಂದ ಅಂತ ಹೇಳುತ್ತಾರೆ. ಮಂಗಳೂರಿಗೆ ಬಂದ ಮೂವರಲ್ಲಿ ಒಬ್ಬನಾದ ಹೆಬಿಕ್ ಮಂಗಳೂರು, ಧಾರವಾಡ, ಕಣ್ಣೂರು ಸುತ್ತುತ್ತಿದ್ದ ಕಾಲದಲ್ಲಿ ಅದೇ ಮಿಷನ್ನಿನ ಇನ್ನೊಂದು ಕೈ ಆಫ್ರಿಕಾದಲ್ಲಿ ಗೋರಿ ತೋಡುತ್ತಿತ್ತು.

1841ರಲ್ಲಿ ಬ್ರಿಟಿಷರು ನೈಜರ್ ನದಿಯಲ್ಲಿ ಮೂರು ಸ್ಟೀಮರ್ ಕಳಿಸಿದಾಗ ಹೋದ ಬಿಳಿಯರಲ್ಲಿ ಸುಮಾರು ಮೂರನೇ ಒಂದು ಪಾಲು ಸತ್ತರು. 1854ರಲ್ಲಿ ವಿಲಿಯಂ ಬೇಕಿ ಅನ್ನುವ ಡಾಕ್ಟರು ಅದೇ ನದಿಗೆ ಹೋದ. ಜ್ವರ ಬರುವ ಮೊದಲೇ ದಿನಾ ಮಲೇರಿಯಾದ ಮದ್ದು ಕ್ವಿನೈನ್ ಕುಡಿಸಿದ. ಜ್ವರಕ್ಕೆ ಒಬ್ಬನೂ ಸಾಯಲಿಲ್ಲ. ಅಲ್ಲಿಂದ ಆಟ ಬದಲಾಯಿತು. ಕ್ವಿನೈನ್ ಬರುವ ಸಿಂಕೋನಾ ಮರವನ್ನು ಆಮೇಲೆ ನೀಲಗಿರಿಯಲ್ಲೂ ಜಾವಾದಲ್ಲೂ ನೆಟ್ಟರು, ಮದ್ದು ಅಗ್ಗವಾಯಿತು.

ಇದಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ನಮ್ಮ ಕಿಟೆಲ್ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ಅದೇ ಬಾಸೆಲ್ ಮಿಷನ್ನಿನ ಕ್ರಿಸ್ಟಾಲರ್ ಘಾನಾದ ಅಸಾಂಟೆ ಜನರ ಭಾಷೆಯ ನಿಘಂಟು ತಂದದ್ದು 1881ರಲ್ಲಿ. ಅಲ್ಲಿನವರು ಅವನನ್ನು ನಾವು ಕಿಟೆಲ್ ನೆನೆದ ಹಾಗೆಯೇ ನೆನೆಯುತ್ತಾರೆ.

ಯಲ್ಲಾಪುರ ಎಕ್ಸ್‌ಪ್ರೆಸ್

ಆಫ್ರಿಕಾ ಮೂಲದ ನಮ್ಮ ಕಡೆಯ ಸಿದ್ದಿಗಳು ಬಂದದ್ದೂ ಈ ಗಲಾಟೆಯಲ್ಲೇನಾ?

ಕರಾವಳಿ ಕಾಗೆ

ಅಲ್ಲ, ಅದು ಬೇರೆ, ಹೆಚ್ಚಾಗಿ ಅದಕ್ಕಿಂತ ಹಿಂದಿನದು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರು ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದ್ದು. ಎರಡನ್ನೂ ಬೆರೆಸಬೇಡಿ.

ಅಟ್ಲಾಸ್ ಅಪ್ಪ

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಹಾಗಾದರೆ ಕಾಗದ ಮತ್ತು ಕ್ವಿನೈನ್. ಬಂದೂಕಿನ ಪಾತ್ರ ಏನೂ ಇಲ್ಲವಾ?

ಬುಲೆಟ್ ಬಸಣ್ಣ

ಇದೆ ಸಾರ್, ಆದರೆ ಯಾವ ಬಂದೂಕು ಅನ್ನುವುದು ಮುಖ್ಯ. ಬಾಯಿಯಿಂದ ಮದ್ದು ತುರುಕುವ ಹಳೇ ಕೋವಿ ಆಫ್ರಿಕಾದ ಎಲ್ಲ ಕಡೆ ಇತ್ತು, ಯುರೋಪಿನವರೇ ಲಕ್ಷಗಟ್ಟಲೆ ಮಾರಿದ್ದರು. ಹಿಂದಿನಿಂದ ಗುಂಡು ತುಂಬುವ ರೈಫಲ್ ಬಂದ ಮೇಲೆ ಹಳೇ ಕೋವಿ ಕಬ್ಬಿಣದ ಕೊಳವೆಯಾಯಿತು. 1884ರಲ್ಲಿ ಮ್ಯಾಕ್ಸಿಮ್ ಗನ್ ಬಂತು. 1890ರಲ್ಲಿ ಬ್ರಸೆಲ್ಸ್‌ನಲ್ಲಿ ಮತ್ತೊಂದು ಸಭೆ ಸೇರಿ, ಗುಲಾಮರ ವ್ಯಾಪಾರ ತಡೆಯುವ ಹೆಸರಿನಲ್ಲಿ, ಆಫ್ರಿಕಾದ ಬಹುಭಾಗಕ್ಕೆ ಹೊಸ ಮಾದರಿ ಬಂದೂಕು ಮಾರಬಾರದು ಅಂತ ನಿಯಮ ಮಾಡಿದರು. ಈ ಸಭೆ ಯಾವ ಫಾರ್ವರ್ಡಿನಲ್ಲೂ ಬರುವುದಿಲ್ಲ. ನನಗೆ ಕೇಳಿದರೆ ಬರ್ಲಿನ್ನಿಗಿಂತ ಇದು ಜಾಸ್ತಿ ಕಚ್ಚಿತು.

ಸುಮ್ನೆ ಬಿಟ್ಟರಾ ಅಂದರೆ, ಇಲ್ಲ. 1879ರಲ್ಲಿ ಈಗಿನ ದಕ್ಷಿಣ ಆಫ್ರಿಕಾದ ಇಸಾಂಡ್ಲವಾನಾದಲ್ಲಿ ಜುಲು ಸೈನ್ಯ ಹೆಚ್ಚಾಗಿ ಈಟಿ ಗುರಾಣಿಯಲ್ಲೇ ಬ್ರಿಟಿಷರ ಕಡೆಯ 1300ಕ್ಕೂ ಹೆಚ್ಚು ಜನರನ್ನು ಒಂದೇ ದಿನ ಮುಗಿಸಿತು. ಪಶ್ಚಿಮದಲ್ಲಿ ಸಮೋರಿ ತೂರೆ ಅನ್ನುವ ದೊರೆ 1882ರಿಂದ 1898ರವರೆಗೆ ಫ್ರೆಂಚರನ್ನು ಓಡಾಡಿಸಿದ. ಅವನ ಕಮ್ಮಾರರು ಫ್ರೆಂಚ್ ರೈಫಲ್ ಬಿಚ್ಚಿ ನೋಡಿ ಕುಲುಮೆಯಲ್ಲೇ ಅದರ ನಕಲು ಮಾಡುತ್ತಿದ್ದರು. ಕೊನೆಗೆ ಹಿಡಿದು ಗಬಾನಿಗೆ ಗಡೀಪಾರು ಮಾಡಿದರು, 1900ರಲ್ಲಿ ಅಲ್ಲೇ ಸತ್ತ.

ಗೆದ್ದವನು ಇಥಿಯೋಪಿಯಾದ ಎರಡನೇ ಮೆನೆಲಿಕ್. ಅವನ ಜಗಳವೂ ಕಾಗದದಿಂದಲೇ ಶುರು. 1889ರಲ್ಲಿ ಇಟಲಿ ಜೊತೆ ಮಾಡಿಕೊಂಡ ವುಚಾಲೆ ಒಪ್ಪಂದದ 17ನೇ ಕಲಮು, ಅಮ್ಹಾರಿಕ್ ಪ್ರತಿಯಲ್ಲಿ ಹೊರದೇಶದ ವ್ಯವಹಾರಕ್ಕೆ ಬೇಕಾದರೆ ಇಟಲಿಯ ನೆರವು ಪಡೆಯಬಹುದು ಅನ್ನುತ್ತದೆ, ಇಟಲಿ ಭಾಷೆಯ ಪ್ರತಿಯಲ್ಲಿ ಇಟಲಿಯ ಮೂಲಕವೇ ಮಾಡಬೇಕು ಅನ್ನುತ್ತದೆ. ಒಂದು ಕ್ರಿಯಾಪದ ನೋಡಿ! ಮೆನೆಲಿಕ್ ಲೊಬೆಂಗುಲಾನ ಹಾಗೆ ಪತ್ರ ಬರೆದು ಕಾಯಲಿಲ್ಲ. ಒಪ್ಪಂದ ಬೇಡ ಅಂದ, ಫ್ರಾನ್ಸ್, ರಷ್ಯಾ, ಅಷ್ಟೇ ಏಕೆ ಇಟಲಿಯಿಂದಲೂ ಕೂಡಿಸಿದ್ದ ಹೊಸ ರೈಫಲ್ ಹಿಡಿದು ಸುಮಾರು ಒಂದು ಲಕ್ಷ ಜನರ ಜೊತೆ ಹೊರಟ. ರಾಣಿ ತೈತು ತನ್ನದೇ ಪಡೆಯ ಜೊತೆ ಬಂದಳು. 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಇಟಲಿ ಸೈನ್ಯ ಪುಡಿಯಾಯಿತು. ಹಾಗಂತ ಅವನನ್ನು ಪೂರ್ತಿ ಹೀರೊ ಮಾಡಬೇಡಿ, ಅದೇ ಬಂದೂಕಿನಿಂದ ದಕ್ಷಿಣದ ಒರೊಮೊ ಮತ್ತಿತರರ ನೆಲವನ್ನೂ ಅವನು ಗೆದ್ದುಕೊಂಡ.

ಎರಡೇ ವರ್ಷಕ್ಕೆ, 1898ರಲ್ಲಿ, ಸುಡಾನಿನ ಓಮ್‌ದುರ್ಮಾನ್. ಒಂದು ಬೆಳಗ್ಗೆ ಸುಮಾರು ಹತ್ತು ಸಾವಿರ ಸುಡಾನಿಗಳು ಸತ್ತರು. ಎದುರಿನ ಬ್ರಿಟಿಷರ ಕಡೆ ಸತ್ತವರು ಸುಮಾರು ಐವತ್ತು.

ಇನ್ನೊಂದು ಮಾತು. ಈ ಮ್ಯಾಕ್ಸಿಮ್ ಹಿಂದೆ ನಿಂತವರಲ್ಲಿ ಬಹಳ ಜನ ಬಿಳಿಯರೇ ಅಲ್ಲ. ಫ್ರೆಂಚರಿಗೆ ಸೆನೆಗಲ್ ಕಡೆಯ ಸೈನಿಕರು, ಬ್ರಿಟಿಷರಿಗೆ ಹೌಸಾ, ಸುಡಾನಿ ಸೈನಿಕರು. ಪೂರ್ವದಲ್ಲಿ ನಮ್ಮ ಸಿಖ್ಖರೂ ಇದ್ದರು.

ರೈಲುಹುಚ್ಚ

ಸಿಖ್ಖರ ಮಾತು ಬಂತಲ್ಲ, ರೈಲು ಬಿಟ್ಟರೆ ಹೇಗೆ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ಉಗಾಂಡಾ ರೈಲ್ವೆ, 1896ರಿಂದ 1901. ಅದಕ್ಕೆ ಇಲ್ಲಿಂದ ಸುಮಾರು 32,000 ಜನ ಕರಾರು ಕೂಲಿಗಳು ಹೋದರು, ಬಹುತೇಕ ಪಂಜಾಬಿನವರು, ಕರಾಚಿಯಿಂದ ಹಡಗು ಹತ್ತಿದವರು. ಸುಮಾರು 2500 ಜನ ಅಲ್ಲೇ ಸತ್ತರು. ಆ ಕೂಲಿಗಳನ್ನು ತಿಂದ ತ್ಸಾವೊ ಸಿಂಹಗಳ ಕಥೆ ಎಲ್ಲರಿಗೂ ಗೊತ್ತು, ಆದರೆ ಸಿಂಹಕ್ಕೆ ಬಲಿಯಾದವರ ಎಷ್ಟೋ ಪಟ್ಟು ಜನ ಜ್ವರ ಭೇದಿಗೆ ಹೋದರು. ಪೂರ್ವ ಆಫ್ರಿಕಾದಲ್ಲಿ ಬ್ರಿಟಿಷರು ನಡೆಸಿದ್ದು ನಮ್ಮ ರೂಪಾಯಿ, ನಮ್ಮ ಇಂಡಿಯನ್ ಪೀನಲ್ ಕೋಡ್, ಕಚೇರಿಯಲ್ಲಿ ಗೋವಾದ ಗುಮಾಸ್ತರು. ಹಳಿ ಬಿದ್ದ ನೆಲದಲ್ಲಿ ಒಂದು ಭಾಗ ನಂದಿ ಜನರದ್ದು, ಅವರು ತಂತಿ, ಬೋಲ್ಟು ಕಿತ್ತುಕೊಂಡು ಹೋಗಿ ಬಳೆ, ಆಯುಧ ಮಾಡಿಕೊಳ್ಳುತ್ತಿದ್ದರು. ಅವರನ್ನು ಬಗ್ಗಿಸಲು ಹೋದ ದಂಡಯಾತ್ರೆಗಳು 1905ರವರೆಗೂ ಮುಗಿಯಲಿಲ್ಲ.

ನಾವೂ ಆಳಿಸಿಕೊಂಡವರು ಅಂತ ಹೇಳಿಕೊಳ್ಳುತ್ತೇವೆ, ಸರಿ. ಅಲ್ಲಿನವರು ನೋಡಿದ್ದು ಬೇರೆ.

ಅಟ್ಲಾಸ್ ಅಪ್ಪ

ಮೇಷ್ಟ್ರೇ, ಮಗಳು ಹುಡುಕಿದಳು. ವಿಕ್ಟೋರಿಯಾ ಜಲಪಾತ! ನೂರು ಮೀಟರಿಗೂ ಜಾಸ್ತಿ ಆಳ. ಬಿದ್ದು ಬಿದ್ದು ನಕ್ಕಳು. ಜೋಗದ ಮೇಲಿಂದ ಹಡಗು ಇಳಿಸಲು ಹೊರಟಿದ್ದರಾ ಅಂತ. ಅಲ್ಲಿನ ಜನರನ್ನ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರಲ್ಲಪ್ಪಾ ಅಂದಳು.

ಈಗ ಗ್ಯಾಂಬಿಯಾ ಹಿಡಿದು ಕೂತಿದ್ದಾಳೆ, ಇದ್ಯಾಕೆ ಹಾವಿನ ಹಾಗಿದೆ ಅಂತ. ನದಿ ಮಧ್ಯೆ ಹಡಗು ನಿಲ್ಲಿಸಿ ಫಿರಂಗಿ ಗುಂಡು ಬಿದ್ದಲ್ಲಿ ಗಡಿ ಹಾಕಿದರು ಅಂತ ಎಲ್ಲೋ ಓದಿದ ನೆನಪು. ಹೇಳಬಹುದಾ?

ಹಳೇ ಮೇಷ್ಟ್ರು

ಜಲಪಾತ ಗೊತ್ತಿರಲಿಲ್ಲ ಅಂತಲ್ಲ, ಲಿವಿಂಗ್‌ಸ್ಟನ್ ಅನ್ನುವ ಬ್ರಿಟಿಷ್ ಅನ್ವೇಷಕ 1855ರಲ್ಲೇ ನೋಡಿ ಅದಕ್ಕೆ ರಾಣಿಯ ಹೆಸರಿಟ್ಟಿದ್ದ. ನಕ್ಷೆಯಲ್ಲಿ ನದಿ ಮುಟ್ಟಿದರೆ ಸಾಕಾಗಿತ್ತು ಅವರಿಗೆ. ಪಟ್ಟಿ ಸಿಕ್ಕಿದ್ದು 1890ರಲ್ಲಿ, ಜರ್ಮನ್ ಅಧಿಕಾರಿ ಹೋಗಿ ಅಲ್ಲಿ ಠಾಣೆ ಹಾಕಿದ್ದು 1909ರಲ್ಲಿ.

ಫಿರಂಗಿ ಕಥೆ ಬೇಡ. 1889ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಪ್ಯಾರಿಸ್‌ನಲ್ಲಿ ಕೂತು ನದಿಯ ಎರಡೂ ಕಡೆ ಹತ್ತತ್ತು ಕಿಲೋಮೀಟರ್ ಅಂತ ಬರೆದುಕೊಂಡವು. ಅವಳ ಹತ್ತಿರ ಕೈವಾರ ಇದ್ದರೆ ಅಟ್ಲಾಸಿನ ಅಳತೆಯಲ್ಲಿ ಹತ್ತು ಕಿಲೋಮೀಟರ್ ಅಗಲಿಸಿ, ಮುಳ್ಳು ನದಿ ಮೇಲೆ ಇಟ್ಟು ತಿರುಗಿಸಲು ಹೇಳಿ. ಗಡಿಯ ಕೆಲವು ಕಡೆ ನಿಜವಾಗಿಯೂ ಕೈವಾರದ ಕಮಾನುಗಳೇ ಕಾಣುತ್ತವೆ.